ಕಿವಿಯಲ್ಲಿ ಮಾತ್ರ ಹೇಳಬಹುದು

ಮಾರ್ಚ್ 4, ಸೋಮವಾರ

ಮೊದಲ ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಮೇಜಿನ ಮೇಲೆ ಆದೇಶ ಬಂದು ಕೂತಿತ್ತು. ಶಿಸ್ತು ಸಮಿತಿಯ ಎದುರಿಗೆ ನಿಲ್ಲಬೇಕಾದ ಒಬ್ಬ ವಿದ್ಯಾರ್ಥಿನಿಗೆ ನಾನು ಜೊತೆ ಅಧ್ಯಾಪಕಿಯಂತೆ. ಆಪಾದನೆ ಹೊತ್ತ ಪ್ರತಿಯೊಬ್ಬರ ಪಕ್ಕದಲ್ಲೂ ಅದೇ ವಿಭಾಗದ ಒಬ್ಬರು ಕೂರಬೇಕು ಎನ್ನುವುದು ನಮ್ಮ ವಿಶ್ವವಿದ್ಯಾಲಯದ ಹಳೆಯ ಕಟ್ಟಳೆ. ಕೂತವರು ವಿದ್ಯಾರ್ಥಿಯ ಕಿವಿಯಲ್ಲಿ ಏನು ಬೇಕಾದರೂ ಹೇಳಬಹುದು. ಸಮಿತಿ ತಾನಾಗಿ ಕೇಳದ ಹೊರತು ಸಮಿತಿಯವರಿಗೆ ಮಾತ್ರ ಒಂದಕ್ಷರ ಹೇಳುವಂತಿಲ್ಲ. ಇಷ್ಟು ವರ್ಷ ಪಾಠ ಹೇಳಿ ಹೇಳಿ ಗಂಟಲು ಹರಿದುಕೊಂಡವಳಿಗೆ ಈಗ ಪಿಸುಗುಟ್ಟುವ ಕೆಲಸ ಕೊಟ್ಟಿದ್ದಾರೆ.

ಸಂಜೆ ಇವರಿಗೆ ಹೇಳಿದರೆ, "ಮನೇಲೂ ಸ್ವಲ್ಪ ಅಭ್ಯಾಸ ಮಾಡ್ಕೊ, ನಮಗೂ ಸುಖ" ಅಂದರು. ಇವರು ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು, ರಜೆಯ ದಿನಗಳಲ್ಲಿ ವಾಲಿಬಾಲ್ ಪಂದ್ಯಗಳಿಗೆ ರೆಫರಿ. ಸೀಟಿ ಊದಿಯೇ ಸಂಸಾರ ಮಾಡಿದವರು. ಇವರಿಗೇನು ಗೊತ್ತು ಮಾತಿನ ಬೆಲೆ.

ಮಾರ್ಚ್ 5, ಮಂಗಳವಾರ

ಆದೇಶದಲ್ಲಿ ಬರೀ ನೋಂದಣಿ ಸಂಖ್ಯೆ ಇತ್ತು. ಇವತ್ತು ಆಕೆ ಬಾಗಿಲಲ್ಲಿ ಬಂದು ನಿಂತಾಗಲೇ ಯಾರೆಂದು ಗೊತ್ತಾಗಿದ್ದು. ನಮ್ಮ ಯಾಕಮ್ಮ. ಕೊನೆಯ ವರ್ಷದ ಹುಡುಗಿ. ಏನು ಹೇಳಿಕೊಟ್ಟರೂ "ಯಾಕೆ ಮೇಡಂ?" ಅನ್ನುತ್ತಾಳೆಂದು ಕ್ಲಾಸಿನವರೇ ಇಟ್ಟ ಹೆಸರು. ನೀರು ಕೆಳಗೇ ಹರಿಯುತ್ತದೆ ಅಂದರೂ ಬಿಡುವವಳಲ್ಲ. ಎಷ್ಟೋ ಸಲ ಅವಳ ಯಾಕೆಗೆ ಉತ್ತರ ಗೊತ್ತಿಲ್ಲದೆ, ಮನೆಗೆ ಬಂದು ಪುಸ್ತಕ ತೆಗೆದು ಕೂತಿದ್ದೇನೆ. ಒಳಗೊಳಗೇ ಬೈದುಕೊಂಡಿದ್ದೂ ಉಂಟು, ಹೆಮ್ಮೆಪಟ್ಟಿದ್ದೂ ಉಂಟು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಕಲು ಹೊಡೆದಳು ಎನ್ನುವುದು ಆಪಾದನೆ. ಎಲ್ಲರಿಗೂ ಒಂದೇ ಪುಡಿ ಕೊಟ್ಟಿದ್ದರು. ಅದನ್ನು ತೂಗಿ, ಕರಗಿಸಿ, ಅದರಲ್ಲಿ ಉಪ್ಪಿನ ಪಾಲು ನೂರಕ್ಕೆ ಎಷ್ಟು ಎಂದು ಹೇಳಬೇಕು. ಸರಿಯುತ್ತರ ನಲವತ್ತೊಂದು. ಇವಳಿಗೂ ಪಕ್ಕದ ಮೇಜಿನ ಹುಡುಗನಿಗೂ ಮೂವತ್ತೆಂಟೂವರೆ ಬಂದಿದೆ. ಇಬ್ಬರದೂ ತಪ್ಪು, ಇಬ್ಬರದೂ ಒಂದೇ ತಪ್ಪು. ಅಂದಮೇಲೆ ಒಬ್ಬರದನ್ನೊಬ್ಬರು ನೋಡಿ ಬರೆದಿದ್ದಾರೆಂದು ಹೊರಗಿನಿಂದ ಬಂದ ಪರೀಕ್ಷಕರು ಷರಾ ಬರೆದು ಹೋಗಿದ್ದಾರೆ. ಆ ಹುಡುಗ ಅವತ್ತೇ ಹೂಂ ಅಂದುಬಿಟ್ಟನಂತೆ. ಅವನಿಗೆ ಒಂದು ಎಚ್ಚರಿಕೆ ಕೊಟ್ಟು, ಆ ಪೇಪರನ್ನು ಇನ್ನೊಂದು ಸಲ ಬರಿ ಎಂದು ಕಳಿಸಿದ್ದಾರೆ. ಇವಳು ಒಪ್ಪಲಿಲ್ಲ.

"ಅವನ ಕಡೆ ತಿರುಗೂ ನೋಡಿಲ್ಲ ಮೇಡಂ. ಮಾಡದೇ ಇರೋದನ್ನ ಮಾಡಿದೀನಿ ಅಂತ ಯಾಕೆ ಹೇಳ್ಲಿ?"

ಯಾಕೆ ಹೇಳಬೇಕು, ಹೇಳಬಾರದು. ಅವಳಿಗೆ ನೀರು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ ಗೊತ್ತಾಗಿದೆ, ಡಿಗ್ರಿ ಕೈಗೆ ಬಂದರೆ ಜೂನ್‌ನಲ್ಲಿ ಸೇರಬೇಕು. ತಾಯಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ, ಇವಳಿರುವುದು ಹಾಸ್ಟೆಲಿನಲ್ಲಿ, ಮನೆಗೆಂದು ಇರುವುದು ಇವರಿಬ್ಬರೇ. ಹೊರಡುವಾಗ ಅವಳು ಇನ್ನೊಂದು ಮಾತು ಹೇಳಿದಳು. ಬಾಗಿಲ ಬಳಿಯ ತೂಕದ ಬ್ಯಾಲೆನ್ಸುಗಳ ಮುಂದೆ ಜನ ನಿಂತಿದ್ದರಿಂದ ಅವಳೂ ಆ ಹುಡುಗನೂ ಮೂಲೆಯ ಬ್ಯಾಲೆನ್ಸಿನಲ್ಲಿ ತೂಗಿಕೊಂಡರಂತೆ.

ಮಾರ್ಚ್ 8, ಶುಕ್ರವಾರ

ಸಿಕ್ಕಿತು. ಇವತ್ತು ಲ್ಯಾಬು ಖಾಲಿಯಿದ್ದಾಗ ಮೂಲೆಯ ಬ್ಯಾಲೆನ್ಸಿನ ಮೇಲೆ ಎರಡು ಗ್ರಾಮಿನ ತೂಕದ ಬಟ್ಟು ಇಟ್ಟೆ. ಎರಡಕ್ಕಿಂತ ಹೆಚ್ಚು ತೋರಿಸಿತು. ಐದರದ್ದು ಇಟ್ಟೆ, ಅದಕ್ಕೂ ಅದೇ ಪ್ರಮಾಣದಲ್ಲಿ ಹೆಚ್ಚು. ಇರುವ ಪುಡಿ ಕಡಿಮೆ, ತೋರಿಸುವ ತೂಕ ಹೆಚ್ಚು. ಹಾಗಾದಾಗ ಉಪ್ಪಿನ ಪಾಲು ಕಡಿಮೆ ಬರಲೇಬೇಕು. ಲೆಕ್ಕ ಹಾಕಿದರೆ ನಲವತ್ತೊಂದು ಇಳಿದು ನಿಲ್ಲುವುದು ಸರಿಯಾಗಿ ಮೂವತ್ತೆಂಟೂವರೆಗೆ. ಇಬ್ಬರದೂ ಒಂದೇ ತಪ್ಪಾಗಿದ್ದೇ ಇಬ್ಬರೂ ಪ್ರಾಮಾಣಿಕವಾಗಿ ತೂಗಿದ್ದಾರೆ ಎನ್ನುವುದಕ್ಕೆ ಸಾಕ್ಷಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದಾರೆ ಈ ಮಹಾನುಭಾವರು.

ಅವಳನ್ನು ಕರೆಸಿ ಹೇಳಿಕೆ ಬರೆಸಿದೆ. ನಾನು ಹೇಳುತ್ತಾ ಹೋದೆ, ಅವಳು ಬರೆದಳು. ಒಂದು ಕಡೆ ಪೆನ್ನು ನಿಲ್ಲಿಸಿ, "ಬ್ಯಾಲೆನ್ಸ್ ಕೆಟ್ಟಿರಬಹುದು ಅಂತ ಬರೀಲಾ ಮೇಡಂ, ಕೆಟ್ಟಿದೆ ಅಂತ್ಲೇ ಬರೀಲಾ? ನಾನು ನೋಡಿಲ್ವಲ್ಲ" ಎಂದಳು.

"ಕೆಟ್ಟಿದೆ ಅಂತ್ಲೇ ಬರಿ. ನಾನು ನೋಡಿದೀನಲ್ಲ" ಎಂದೆ.

ಬಹಳ ದಿನದ ಮೇಲೆ ನನ್ನ ಕೆಲಸದ ಮೇಲೆ ನನಗೇ ಪ್ರೀತಿ ಬಂದಿದೆ. ಬರುವಾಗ ದಾರಿಯುದ್ದಕ್ಕೂ ಗುನುಗಿಕೊಂಡು ಬಂದೆ.

ಮಾರ್ಚ್ 12, ಮಂಗಳವಾರ

ಮೊದಲ ವಿಚಾರಣೆ. ಉದ್ದನೆಯ ಮೇಜಿನ ಆಚೆಗೆ ಐದು ಜನ, ಪ್ರತಿಯೊಬ್ಬರ ಮುಂದೂ ಮುಚ್ಚಳ ಹಾಕಿದ ನೀರಿನ ಲೋಟ. ಈಚೆಗೆ ನಮ್ಮಿಬ್ಬರಿಗೆ ಕೈಯಿಲ್ಲದ ಕುರ್ಚಿ, ನೀರೂ ಇಲ್ಲ. ಬಾಯಾರುವುದು ನ್ಯಾಯ ಹೇಳುವವರಿಗೆ ಮಾತ್ರ ಅಂತ ಕಾಣುತ್ತದೆ. ಅಧ್ಯಕ್ಷರಾಗಿ ಕೂತವರು ಕಾನೂನು ವಿಭಾಗದ ಹಿರಿಯರು. ಪ್ರತಿ ವಾಕ್ಯಕ್ಕೆ ಮೊದಲು ಒಂದು ಸಲ ಕೆಮ್ಮುತ್ತಾರೆ. ಕೆಮ್ಮಪ್ಪ ಎಂದು ಆಗಲೇ ಹೆಸರಿಟ್ಟಿದ್ದೇನೆ. "ಗೌರವಯುತ ಮುಕ್ತಾಯ" ಎನ್ನುವುದು ಅವರ ಬಾಯಿಪಾಠ. ಕಟುಕನೂ ಕುರಿಗೆ ಹಾಗೇ ಹೇಳಬಹುದು.

ಹೇಳಿಕೆಯನ್ನು ಓದಿಸಿದರು. ವಿಭಾಗದ ಪರವಾಗಿ ನಮ್ಮ ಮುಖ್ಯಸ್ಥರು ಒಂದು ಬದಿಗೆ ಕೂತಿದ್ದರು. ಬ್ಯಾಲೆನ್ಸಿನ ಮಾತು ಬಂದಾಗ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲೇ ಇಲ್ಲ. ಇದು ಗಂಭೀರ ವಿಚಾರ, ಬ್ಯಾಲೆನ್ಸನ್ನು ಪರಿಶೀಲಿಸಿ ಮುಂದಿನ ವಾರ ನೋಡೋಣ ಎಂದರು ಕೆಮ್ಮಪ್ಪ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಯಾಕಮ್ಮನ ಕಿವಿಯಲ್ಲಿ "ಗೆದ್ದೆವು" ಎಂದೆ. ಅವಳು ಮೊದಲ ಸಲ ನಕ್ಕಳು.

ಮಾರ್ಚ್ 13, ಬುಧವಾರ

ಮುಖ್ಯಸ್ಥರು ಕರೆಸಿದರು. ಬಾಗಿಲು ಹಾಕಿ, ತಾವೇ ಎದ್ದು ಕುರ್ಚಿ ಎಳೆದುಕೊಟ್ಟರು. ಕೆಟ್ಟವರಲ್ಲ. ನಾನು ಮೊದಲು ಕೆಲಸಕ್ಕೆ ಬಂದಾಗ, ಹೆಂಗಸು ಲ್ಯಾಬು ನಡೆಸುತ್ತಾಳಾ ಎಂದವರ ಬಾಯಿ ಮುಚ್ಚಿಸಿ ಸೇರಿಸಿಕೊಂಡವರು. ಅವತ್ತಿನಿಂದ ಇವತ್ತಿನವರೆಗೂ ನನ್ನನ್ನು ತಂಗಿ ಎಂದೇ ಕರೆಯುತ್ತಾರೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು, ತಿರುಗಿಸಿ ನಾಲ್ಕು ಮಾತು ಆಡುತ್ತಿದ್ದೆ. ಅವರು ನನ್ನ ಮುಂದೆ ಲೆಕ್ಕ ಇಟ್ಟರು. ಆ ಬ್ಯಾಲೆನ್ಸ್ ವರ್ಷವಿಡೀ ಅಲ್ಲೇ ಇದೆ. ಕೆಟ್ಟಿದೆ ಎಂದು ಸಮಿತಿ ಬರೆದರೆ ಈ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯೇ ರದ್ದಾಗುತ್ತದೆ. ಮುನ್ನೂರು ಮಕ್ಕಳು ಮತ್ತೆ ಬರೆಯಬೇಕು, ಎಲ್ಲರ ಡಿಗ್ರಿಯೂ ನಿಲ್ಲುತ್ತದೆ. ಏಪ್ರಿಲ್ ಮೊದಲ ವಾರ ಮಾನ್ಯತೆ ಕೊಡುವ ತಂಡ ಬೇರೆ ಬರುತ್ತಿದೆ.

"ಒಬ್ಬಳಿಗೆ ಒಂದು ಪೇಪರು ಹೋಗುತ್ತೆ. ಇಲ್ಲ, ಮುನ್ನೂರು ಜನಕ್ಕೆ ವರ್ಷವೇ ಹೋಗುತ್ತೆ. ತೂಗೋದು ನಿನ್ನ ಕಸುಬಲ್ವಾ ತಂಗಿ, ನೀನೇ ತೂಗಿ ನೋಡು."

ಬ್ಯಾಲೆನ್ಸ್ ಕೆಟ್ಟಿರುವುದು ನಿಜ ಸಾರ್, ನಾನೇ ನೋಡಿದೆ ಎಂದೆ. ಅವರು ತಲೆಯಾಡಿಸಿದರು, ಕೇಳಿಸಿತು ಎನ್ನುವ ಹಾಗೆ. ಅತ್ತ ದರಿ ಇತ್ತ ಪುಲಿ. ಮಧ್ಯಾಹ್ನದ ಕ್ಲಾಸಿನಲ್ಲಿ ಮುಂದಿನ ಬೆಂಚಿನಿಂದ ಅವಳು ಏನೋ ಯಾಕೆ ಅಂತ ಕೇಳಿದಳು. ಆಮೇಲೆ ಹೇಳುತ್ತೇನೆ ಎಂದುಬಿಟ್ಟೆ.

ಮಾರ್ಚ್ 18, ಸೋಮವಾರ

ಶನಿವಾರ ನಾನಿಲ್ಲದ ಹೊತ್ತಿನಲ್ಲಿ ಕಂಪನಿಯ ಮೆಕ್ಯಾನಿಕ್ ಬಂದು ಬ್ಯಾಲೆನ್ಸುಗಳನ್ನೆಲ್ಲ ಸರ್ವಿಸ್ ಮಾಡಿ ಹೋಗಿದ್ದಾನೆ. ಮೂಲೆಯದರ ಮೇಲೆ ಎರಡರ ಬಟ್ಟು ಇಟ್ಟೆ, ಎರಡು ಅಂದಿತು. ಐದರದ್ದು ಇಟ್ಟೆ, ಐದು. ತೆಗೆದು ಮತ್ತೆ ಇಟ್ಟೆ. ಎಷ್ಟು ಸಲ ಇಟ್ಟೆನೋ. ಹಿಂದಿನಿಂದ ಮುಖ್ಯಸ್ಥರು, ವರ್ಷಕ್ಕೊಂದು ಸಲ ಮಾಡಿಸುವುದೇ ತಾನೇ ಎಂದು ಹೇಳಿ ಹೋದರು.

ಅವತ್ತೇ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕಿತ್ತು. ಯಾರನ್ನಾದರೂ ಕರೆದು ತೋರಿಸಬೇಕಿತ್ತು. ಬ್ಯಾಲೆನ್ಸ್ ಎಲ್ಲಿಗೆ ಓಡಿ ಹೋಗುತ್ತದೆ ಎಂದುಕೊಂಡಿದ್ದೆ. ಅದು ಇದ್ದಲ್ಲೇ ಇದೆ, ನಿಜ ಮಾತ್ರ ಓಡಿಹೋಗಿದೆ. ಈಗ ಅದು ಕೆಟ್ಟಿತ್ತು ಎನ್ನುವುದನ್ನು ಬಲ್ಲವಳು, ಕೇಳದೆ ಬಾಯಿ ಬಿಡಬಾರದ ನಾನೊಬ್ಬಳೇ.

ಮಾರ್ಚ್ 19, ಮಂಗಳವಾರ

ಕೇಳದಿದ್ದರೂ ಹೇಳಿಬಿಡೋಣ ಎಂದು ಬೆಳಿಗ್ಗೆ ಗಟ್ಟಿ ಮಾಡಿಕೊಂಡು ಕಾನೂನು ವಿಭಾಗಕ್ಕೆ ಹೋದೆ. ಅಧ್ಯಕ್ಷರ ಕೋಣೆಯ ಬಾಗಿಲವರೆಗೂ ಹೋದೆ. ಅಟೆಂಡರ್ ಏನು ಬೇಕಿತ್ತು ಮೇಡಂ ಎಂದ. ಟಾಯ್ಲೆಟ್ ಎಲ್ಲಿದೆ ಎಂದು ಕೇಳಿ ವಾಪಸ್ಸು ಬಂದೆ.

ಹದಿನೆಂಟು ವರ್ಷದಿಂದ ಇದೇ ಕ್ಯಾಂಪಸ್ಸಿನಲ್ಲಿರುವವಳು.

ಮಾರ್ಚ್ 20, ಬುಧವಾರ

ಏನೂ ಬರೆಯಬೇಕೆನ್ನಿಸುತ್ತಿಲ್ಲ. ಊಟ ಸೇರಲಿಲ್ಲ.

ಮಾರ್ಚ್ 21, ಗುರುವಾರ

ಸಮಿತಿಯವರು ಬ್ಯಾಲೆನ್ಸ್ ಪರಿಶೀಲಿಸಿದರು. ಎಲ್ಲ ಸರಿಯಿದೆ ಎಂದು ಬರೆದುಕೊಂಡು ಹೋದರು. ಮೆಟ್ಟಿಲ ಬಳಿ ಅಧ್ಯಕ್ಷರು ನಿಂತು ನನ್ನೊಡನೆ ಐದು ನಿಮಿಷ ಮಾತಾಡಿದರು. ಹತ್ತಿರದಿಂದ ನೋಡಿದರೆ ಸಜ್ಜನರೇ. ಕೆಮ್ಮು ಕಾಯಿಲೆಯಂತೆ, ಚಿಕ್ಕಂದಿನಿಂದಲೂ ಇದೆಯಂತೆ. ಹುಡುಗಿ ಹಟ ಹಿಡಿದರೆ ಸಮಿತಿಗೆ ಬೇರೆ ದಾರಿ ಇರುವುದಿಲ್ಲ, ಒಪ್ಪಿಕೊಂಡವರನ್ನು ನಾವು ಯಾವತ್ತೂ ಮೆತ್ತಗೇ ನೋಡಿದ್ದೇವೆ, ಆ ಹುಡುಗನ ವಿಷಯ ನಿಮಗೆ ಗೊತ್ತಲ್ಲ ಎಂದರು. ಅವಳಿಗೆ ತಿಳಿಹೇಳುವುದು ನಿಮ್ಮ ಕೈಯಲ್ಲಿದೆ ಎಂದೂ ಅಂದರು.

ಯೋಚಿಸಿದರೆ ಅವರು ಹೇಳುವುದರಲ್ಲೂ ಅರ್ಥವಿದೆ. ಒಂದು ಪೇಪರು ತಾನೇ. ಮತ್ತೆ ಬರೆದರೆ ಆಗಸ್ಟ್ ಹೊತ್ತಿಗೆ ಡಿಗ್ರಿ ಬರುತ್ತದೆ. ಕೆಲಸ ಕೊಟ್ಟವರು ಎರಡು ತಿಂಗಳು ಕಾಯದೇ ಇರುತ್ತಾರಾ? ಸುಮ್ಮನೆ ಗೋಡೆಗೆ ತಲೆ ಚಚ್ಚಿಕೊಂಡರೆ ಒಡೆಯುವುದು ತಲೆಯೇ.

ಇವರನ್ನು ಕೇಳಿದೆ. ಇವರು ಷೂ ಒರೆಸುತ್ತಾ, ಗೆರೆಯ ಒಳಗೆ ಬಿದ್ದ ಚೆಂಡಿಗೆ ಹೊರಗೆ ಅಂತ ತಾವೂ ಎಷ್ಟೋ ಸಲ ಸೀಟಿ ಊದಿರುವುದುಂಟು, ಊದಿದ ಮೇಲೆ ಆಟ ಮುಂದೆ ಹೋಗಲೇಬೇಕು ಎಂದರು. ನನಗೆ ಎಷ್ಟೋ ಹಗುರವಾಯಿತು. ಆಮೇಲೆ ಇನ್ನೊಂದು ಷೂ ಎತ್ತಿಕೊಂಡು, "ಆದ್ರೆ ನಿನ್ನ ಕೈಲಿ ಸೀಟಿ ಎಲ್ಲಿತ್ತು? ನೀನು ಆ ಹುಡುಗಿ ಕಡೆಯವಳಲ್ವಾ?" ಎಂದರು.

ಈ ಮನುಷ್ಯನಿಗೆ ಯಾವ ಹೊತ್ತಿನಲ್ಲಿ ಏನು ಹೇಳಬೇಕೆಂದು ಗೊತ್ತಾಗುವುದಿಲ್ಲ. ಎದ್ದು ಬಂದುಬಿಟ್ಟೆ.

ಮಾರ್ಚ್ 25, ಸೋಮವಾರ

ನಾಳೆ ಎರಡನೆಯ ವಿಚಾರಣೆ. ಹುಡುಗಿ ಮೂರು ಸಲ ನನ್ನನ್ನು ಹುಡುಕಿಕೊಂಡು ಬಂದಿದ್ದಳಂತೆ. ಬ್ಯಾಲೆನ್ಸ್ ಸರಿಯಿದೆ ಎಂದು ವರದಿ ಬಂದಿರುವುದು ಅವಳಿಗೂ ಗೊತ್ತಾಗಿದೆ. ನಾನು ಸಿಗಲಿಲ್ಲ. ಸಿಗದ ಹಾಗೆ ಇದ್ದೆ ಎನ್ನುವುದೇ ಸರಿ. ಎದುರಿಗೆ ಸಿಕ್ಕಿದ್ದರೆ ಯಾಕೆ ಅಂತ ಕೇಳುತ್ತಿದ್ದಳು. ಹೇಳಲು ನನ್ನ ಹತ್ತಿರ ಏನಿದೆ?

ಎಲ್ಲಿಗಾದರೂ ಹೊರಟುಹೋಗೋಣ ಅನ್ನಿಸುತ್ತದೆ. ಎಲ್ಲಿಗೆ ಹೋದರೂ ಈ ಬಾಯಿಯನ್ನು ಹೊತ್ತುಕೊಂಡೇ ಹೋಗಬೇಕು.

ಮಾರ್ಚ್ 26, ಮಂಗಳವಾರ

ಮುಗಿಯಿತು. ಹೇಗೆ ನಡೆಯಿತೋ ಹಾಗೇ ಬರೆದಿಡುತ್ತೇನೆ.

ಬ್ಯಾಲೆನ್ಸಿನ ವರದಿ ಓದಿದರು. ಅಧ್ಯಕ್ಷರು ಅವಳನ್ನು, ಈಗ ಏನು ಹೇಳುತ್ತೀರಿ ಎಂದು ಕೇಳಿದರು. ಅವಳು ನನ್ನ ಕಡೆ ತಿರುಗಿದಳು. ಮುಖ ಬಿಳಚಿಕೊಂಡಿತ್ತು. ನಾನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ. "ಒಪ್ಪಿಕೊಂಡ್ಬಿಡು. ಎಚ್ಚರಿಕೆ ಕೊಟ್ಟು ಬಿಡ್ತಾರೆ. ನನ್ನ ನಂಬು."

ಅವಳ ತುಟಿ ಅಲುಗಿತು. ಬಂತು ಯಾಕೆ ಅಂದುಕೊಂಡೆ. ಅವಳು ಕೇಳಲಿಲ್ಲ. ಎದ್ದು ನಿಂತು, ಪಕ್ಕದವನದನ್ನು ನೋಡಿ ಬರೆದೆ, ತಪ್ಪಾಯಿತು ಎಂದಳು. ಕ್ಲಾಸಿನಲ್ಲಿ ಉತ್ತರ ಹೇಳುವಾಗಿನ ಹಾಗೇ, ಸ್ಪಷ್ಟವಾಗಿ ಹೇಳಿದಳು.

ಇಷ್ಟಕ್ಕೆ ಮುಗಿಯುತ್ತದೆ ಎಂದು ನಾನು ಕೈಚೀಲ ಎತ್ತಿಕೊಂಡಿದ್ದೆ. ಅಧ್ಯಕ್ಷರು ಕೆಮ್ಮಿ, "ಹಾಗಾದ್ರೆ ವಿಭಾಗದ ಬ್ಯಾಲೆನ್ಸ್ ಕೆಟ್ಟಿದೆ ಅಂತ ಬರ್ಕೊಟ್ರಲ್ಲ, ಅದು?" ಎಂದರು.

ಅವಳು ಮತ್ತೆ ನನ್ನನ್ನು ನೋಡಿದಳು. ಕಿವಿಯಲ್ಲಿ ಹೇಳಲೂ ಒಂದು ಮಾತು ಸಿಗಲಿಲ್ಲ. ಎದುರಿಗಿದ್ದ ಲೋಟದ ಮುಚ್ಚಳವನ್ನೇ ನೋಡುತ್ತಾ ಕೂತೆ. ಸಮಿತಿಯವರು ನನ್ನ ಕಡೆ ತಿರುಗಲಿಲ್ಲ, ಏನನ್ನೂ ಕೇಳಲಿಲ್ಲ.

"ಅದೂ ಸುಳ್ಳೇ ಸಾರ್" ಎಂದಳು.

ಅದನ್ನು ಯಾಕೆ ಕೇಳಿದರೋ. ಇರಲಿ, ಒಪ್ಪಿಕೊಂಡದ್ದಾಯಿತು. ತೀರ್ಪು ಗುರುವಾರ. ಗೌರವಯುತವಾಗಿ ಮುಕ್ತಾಯವಾದರೆ ಸಾಕು.

ಮಾರ್ಚ್ 28, ಗುರುವಾರ

ಎರಡು ವರ್ಷ.

ನಕಲಿಗೆ ಎಚ್ಚರಿಕೆ ಮಾತ್ರ, ಅಧ್ಯಕ್ಷರು ಹೇಳಿದ ಹಾಗೇ. ಅದರ ಕೆಳಗೆ ಎರಡನೆಯ ಕಲಮು. ತಪ್ಪನ್ನು ಮುಚ್ಚಿಕೊಳ್ಳಲು ವಿಭಾಗದ ಮೇಲೆ ಲಿಖಿತವಾಗಿ ಸುಳ್ಳು ದೂರು ಕೊಟ್ಟಿದ್ದಕ್ಕೆ ಎರಡು ವರ್ಷ ಹೊರಗೆ. ತಾನೇ ಒಪ್ಪಿಕೊಂಡಿರುವುದರಿಂದ ಮೇಲ್ಮನವಿಗೆ ಅವಕಾಶವಿಲ್ಲ.

ಆ ಹುಡುಗ ಮೊದಲ ದಿನವೇ ಒಪ್ಪಿಕೊಂಡವನು, ಏನನ್ನೂ ಬರೆದುಕೊಟ್ಟಿರಲಿಲ್ಲ. ಇವಳು ಬರೆದುಕೊಟ್ಟ ಮೇಲೆ ಒಪ್ಪಿಕೊಂಡಳು. ಒಪ್ಪಿಕೊಂಡ ಕೂಡಲೇ ಬರೆದದ್ದು ಸುಳ್ಳಾಗುತ್ತದೆ. ಮಗುವಿಗೂ ಹೊಳೆಯುವಂಥದ್ದು. ಬರೆಸಿದವಳೂ ನಾನು, ಒಪ್ಪಿಸಿದವಳೂ ನಾನು, ನನಗೆ ಹೊಳೆಯಲಿಲ್ಲ. ಕೆಟ್ಟಿರಬಹುದು ಅಂತ ಬರೀಲಾ ಎಂದು ಅವಳು ಅವತ್ತೇ ಕೇಳಿದ್ದಳು.

ಏನು ಮಾಡಿಬಿಟ್ಟೆ. ಯಾರ ಹತ್ತಿರ ಹೋಗಲಿ, ಏನೆಂದು ಹೇಳಲಿ. ಈಗ ನಿಜ ಹೇಳಿದರೆ, ಅವತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ. ಕೇಳಿದರೆ ಹೇಳಬಹುದಲ್ಲ, ಕೇಳಲಿ. ಆದರೆ ಮುನ್ನೂರು ಮಕ್ಕಳಿದ್ದಾರೆ. ಒಂದು ಕಡೆ ಅವಳೊಬ್ಬಳೇ ಇದ್ದಾಳೆ. ಎಷ್ಟು ಸಲ ತೂಗಿದರೂ ಮುಳ್ಳು ಒಂದೇ ಕಡೆಗೆ ವಾಲುತ್ತದೆ. ಹಾಳಾಗಲಿ ಈ ಲೆಕ್ಕ. ಅಳುವುದಕ್ಕೂ ಆಗುತ್ತಿಲ್ಲ.

ಏಪ್ರಿಲ್ 3, ಬುಧವಾರ

ಮಾನ್ಯತೆಯ ತಂಡ ಬಂದು ಹೋಯಿತು. ಲ್ಯಾಬು ನೋಡಿ ಸಂತೋಷಪಟ್ಟರು. ಮುಖ್ಯಸ್ಥರು ಎಲ್ಲರ ಮುಂದೆ, ಇದೆಲ್ಲ ನಮ್ಮ ತಂಗಿಯ ಶ್ರಮ ಎಂದರು.

ವಿದ್ಯಾರ್ಥಿನಿ ಹಾಸ್ಟೆಲ್ ಖಾಲಿ ಮಾಡಿದಳಂತೆ. ನೀರಿನ ಲ್ಯಾಬಿನವರು ಬೇರೆಯವರನ್ನು ತೆಗೆದುಕೊಂಡರಂತೆ. ಬೇಸರದ ಸಂಗತಿ. ಆದರೆ ಪ್ರಕ್ರಿಯೆ ಎಂದ ಮೇಲೆ ಕೆಲವು ಸಲ ಹೀಗಾಗುತ್ತದೆ.

ಅಧ್ಯಕ್ಷರ ಕಚೇರಿಯಿಂದ ಫೋನ್ ಬಂದಿತ್ತು. ಸೋಮವಾರ ಇನ್ನೊಬ್ಬ ವಿದ್ಯಾರ್ಥಿಯ ಜೊತೆ ಕೂರಲು ಆಗುತ್ತದಾ ಎಂದು ಕೇಳಿದರು. ಆಗಲಿ ಎಂದೆ. ಅನುಭವ ಇರುವವರು ಪಕ್ಕದಲ್ಲಿದ್ದರೆ ಮಕ್ಕಳಿಗೇ ಒಳ್ಳೆಯದು. ಈಚೆಗೆ ಇವರು ಮಾತೇ ಕಡಿಮೆ ಮಾಡಿದ್ದಾರೆ.

ಏಪ್ರಿಲ್ 6, ಶನಿವಾರ

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಇದ್ದೆ. ವಿದ್ಯಾರ್ಥಿನಿ ಬಂದಳು, ಜೊತೆಗೆ ಅವಳ ತಾಯಿ. ತಾಯಿಯನ್ನು ನೋಡಿದ್ದು ಇದೇ ಮೊದಲು. ಹೊಲಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿರಬೇಕು, ತೋಳಿನ ಮೇಲೆ ನೀಲಿ ದಾರದ ಚೂರುಗಳು ಅಂಟಿಕೊಂಡಿದ್ದವು. ಕೂತುಕೊಳ್ಳಿ ಎಂದೆ. ಕೂರಲಿಲ್ಲ.

"ನಿಮ್ಮ ಬಾಯಿಂದ ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ ಮೇಡಂ. ಇವಳು ಮಾಡಿದೀನಿ ಅಂತಾಳೆ. ನನಗೆ ನಂಬಿಕೇನೇ ಬರ್ತಿಲ್ಲ. ಹೆತ್ತೋಳಿಗೆ ಗೊತ್ತಾಗಲ್ವಾ? ನೀವು ಪಕ್ಕದಲ್ಲೇ ಕೂತಿದ್ರಂತೆ. ನೀವು ಹೇಳಿ, ನನ್ನ ಮಗಳು ಮಾಡಿದ್ಲಾ?"

ಅಲ್ಲಿ ಸಮಿತಿ ಇರಲಿಲ್ಲ, ಮುಖ್ಯಸ್ಥರಿರಲಿಲ್ಲ. ಈ ಒಂದು ತಿಂಗಳಲ್ಲಿ ನನ್ನನ್ನು ಕೇಳಿದವರು ಇವರೊಬ್ಬರೇ. ಇಲ್ಲ ಎನ್ನಬೇಕು, ಅಷ್ಟೇ. ಬಾಯಿ ತೆರೆದೆ. ಇಲ್ಲ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ, ಅದರ ಮುಂದಿನದು ಬರುತ್ತದೆ ಎಂದು ಯೋಚಿಸುತ್ತಾ ನಿಂತೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ತಾಯಿಯ ಕೈ ಹಿಡಿದುಕೊಂಡಳು.

"ಮೇಡಂನ ಯಾಕಮ್ಮ ಕಷ್ಟಕ್ಕೆ ಸಿಕ್ಕಿಸ್ತೀಯ? ನಾನೇ ಹೇಳ್ತಿದೀನಲ್ಲ. ಮಾಡಿದ್ದೆ."

ತಾಯಿ ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ನನ್ನನ್ನು. ನಾನು ಇನ್ನೂ ಹಾಗೇ ನಿಂತಿದ್ದೆ. ಅವರ ಮುಖದಲ್ಲಿ ಅಲ್ಲಿಯವರೆಗೆ ಹಿಡಿದುಕೊಂಡಿದ್ದ ಏನೋ ಒಂದು ಬಿಟ್ಟುಹೋಯಿತು. ತಲೆ ತಗ್ಗಿಸಿ, "ಕ್ಷಮಿಸಿ ಮೇಡಂ, ಇಂಥವಳಿಗೋಸ್ಕರ ನೀವು ಅಲ್ಲಿ ಹೋಗಿ ಕೂರಬೇಕಾಯ್ತು" ಎಂದರು.

ಪರವಾಗಿಲ್ಲ ಎಂದೆ.